ಕಳಿಸುವುದು ಬೇರೆ, ಕಲಿಸುವುದು ಬೇರೆ



ನಮ್ಮ ಮನೆಮಾತು ಉರ್ದು. ಉರ್ದುವಿನಲ್ಲಿ ‘ಳ’ ಎಂಬ ಅಕ್ಷರವೇ ಇಲ್ಲ. ಹಾಗಾಗಿ ಚಿಕ್ಕವನಿದ್ದಾಗ ನನ್ನ ಬಾಯಲ್ಲಿ ‘ಹಳ್ಳಿ’ ಹೋಗಿ ‘ಹಲ್ಲಿ’ ಆಗುತ್ತಿತ್ತು. ನಮ್ಮ ಕನ್ನಡ ಮಾಸ್ತರರು ಬೋರ್ಡಿನ ಮೇಲೆ ‘ಕಲಿಸು’, ‘ಕಳಿಸು’ ಎಂದು ಅಕ್ಕಪಕ್ಕ ಬರೆದು, ನಾಲಿಗೆ ಮಡಚಿ ಹೇಳಿಸುತ್ತಿದ್ದರು. “ಒಂದು ಮಾಸ್ತರನ ಕೆಲಸ, ಇನ್ನೊಂದು ಟಪಾಲಿನವನ ಕೆಲಸ. ಎರಡನ್ನೂ ಕಲಸಬ್ಯಾಡೋ ತಮ್ಮಾ” ಎನ್ನುತ್ತಿದ್ದರು.

ಉಚ್ಚಾರ ಸರಿಹೋಯಿತು. ಆದರೆ ಎಷ್ಟೋ ವರ್ಷಗಳ ಮೇಲೆ, ನಾನೇ ಉಪನ್ಯಾಸಕನಾಗಿ ನಿಮ್ಮಂಥವರಿಗೆ ಅರ್ಥಶಾಸ್ತ್ರ ಹೇಳುತ್ತಿದ್ದಾಗ, ಅದೇ ಎರಡು ಕೆಲಸಗಳನ್ನು ಮತ್ತೆ ಕಲಸಿಬಿಟ್ಟೆ. ಆನ್‌ಲೈನ್ ಪಾಠವೆಂದರೇನು, ಅದನ್ನು ಹೇಗೆ ಕಟ್ಟಬೇಕು ಎಂದು ಬರೆದುಕೊಡಿ ಎಂದು ಪತ್ರಿಕೆಯ ವಿದ್ಯಾರ್ಥಿ ಸಂಪಾದಕರು ಕೇಳಿದಾಗ, ನನ್ನ ಆ ತಪ್ಪಿನಿಂದಲೇ ಶುರು ಮಾಡುವುದು ಸರಿ ಅನಿಸಿತು.

ಹಾಜರಿ ಹಾಕಿದ್ದು ಯಾರಿಗೆ?

2020ರ ಮಾರ್ಚ್ 23ಕ್ಕೆ ನಡೆಯಬೇಕಿದ್ದ ದ್ವಿತೀಯ ಪಿಯುಸಿ ಇಂಗ್ಲಿಷ್ ಪರೀಕ್ಷೆ ಕೊರೊನಾದಿಂದ ನಿಂತುಹೋಗಿ ಜೂನ್ 18ಕ್ಕೆ ನಡೆದದ್ದು ನಿಮ್ಮ ಅಕ್ಕ–ಅಣ್ಣಂದಿರಿಗೆ ನೆನಪಿರಬಹುದು. ಅದರ ಹಿಂದೆಯೇ ಹೊಸ ವರ್ಷದ ಪಾಠಗಳು ಬಂದವು. ಕಾಲೇಜಿನ ಬಾಗಿಲು ಮುಚ್ಚಿತ್ತು. ನಾನು ಮನೆಯ ಹಿಂದಿನ ಖೋಲಿಯಲ್ಲಿ ಒಂದು ಬೋರ್ಡು ತೂಗುಹಾಕಿ, ಎರಡು ಸ್ಟೀಲ್ ಡಬ್ಬಿಗಳ ಮೇಲೆ ಮೊಬೈಲು ನಿಲ್ಲಿಸಿ, ತರಗತಿಯಲ್ಲಿ ಹೇಗೆ ಹೇಳುತ್ತಿದ್ದೆನೋ ಹಾಗೆಯೇ ನಲವತ್ತು ನಿಮಿಷ ಪಾಠ ಹೇಳಿದೆ. ಯೂಟ್ಯೂಬಿಗೆ ಏರಿಸಿ, ಲಿಂಕನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಸಂಜೆ ಆ ಮೆಸೇಜನ್ನು ಯಾರ್ಯಾರು ಓದಿದ್ದಾರೆ ಎಂದು ನೋಡಿ, ಹೆಸರಿನ ಮುಂದೆ ಹಾಜರಿ ಹಾಕಿದೆ. ನೀಲಿ ಗೆರೆ ಬಂದವರೆಲ್ಲ ಹಾಜರು. ಒಂದು ಪಾಠ ಮುಗಿಯಿತು, ಎರಡು ಮುಗಿದವು, ಅರ್ಧ ಪುಸ್ತಕವೇ ಮುಗಿಯಿತು. ನನಗೆ ಸಮಾಧಾನವಿತ್ತು.

2021ರ ಜನವರಿ 1ರಂದು ದ್ವಿತೀಯ ಪಿಯುಸಿ ತರಗತಿಗಳು ಮತ್ತೆ ತೆರೆದವು. ಆರು ತಿಂಗಳಲ್ಲಿ ಒಂದು ದಿನವೂ ತಪ್ಪದೆ ‘ಹಾಜರಿದ್ದ’ ಒಬ್ಬ ಹುಡುಗ ಮೊದಲ ವಾರ ಬರಲಿಲ್ಲ, ಎರಡನೇ ವಾರವೂ ಬರಲಿಲ್ಲ. ನಾನು ಅವರ ಊರಿಗೆ ಹೋದೆ. ಅವನು ಆಗಸ್ಟಿನಲ್ಲೇ ಸೋದರಮಾವನ ಸಂಗಡ ಹುಬ್ಬಳ್ಳಿಯ ಗ್ಯಾರೇಜಿಗೆ ದುಡಿಯಲು ಹೋಗಿದ್ದ. ಬಾಗಿಲಲ್ಲಿ ನಿಂತ ಅವನ ತಮ್ಮ ಹೇಳಿದ: “ಅಣ್ಣನ ಫೋನ್ ನನ್ನ ಕಡೇನ ಐತ್ರಿ ಸರ. ನಿಮ್ಮ ಮೆಸೇಜ್ ಬಂದ್ರ ನಾನ ತೆರೀತಿದ್ದೆ.”

ಆರು ತಿಂಗಳು ನಾನು ಹಾಜರಿ ಹಾಕಿದ್ದು ಒಬ್ಬ ಏಳನೇ ಇಯತ್ತೆಯ ಹುಡುಗನ ಹೆಬ್ಬೆರಳಿಗೆ.

ಅದೇ ವಾರ ಕಲಘಟಗಿ ಕಡೆಯ ಹಳ್ಳಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ಸ್ಟಾಫ್ ರೂಮಿಗೆ ಬಂದಳು. ಅವರ ಮನೆಯಲ್ಲಿ ಇದ್ದದ್ದು ಅಪ್ಪನ ಫೋನ್ ಒಂದೇ. ಅಪ್ಪ ಕೆಲಸದಿಂದ ಬರುವುದು ರಾತ್ರಿ ಎಂಟಕ್ಕೆ. ಅಷ್ಟೊತ್ತಿಗೆ ದಿನದ ಡೇಟಾ ಮುಗಿಯುತ್ತ ಬಂದಿರುತ್ತಿತ್ತು. ಉಳಿದದ್ದರಲ್ಲಿ ನನ್ನ ವಿಡಿಯೊ ತಿರುಗುತ್ತ, ನಿಲ್ಲುತ್ತ, ಮತ್ತೆ ತಿರುಗುತ್ತ ಹೋಗುತ್ತಿತ್ತು. ಆದರೂ ಎಲ್ಲವನ್ನೂ ನೋಡಿದ್ದಳು. ನೋಟ್‌ಬುಕ್ ತುಂಬ ಬರೆದಿದ್ದಳು. “ಸರ, ನೀವು ಕಳಿಸಿದ್ದೆಲ್ಲಾ ಬಂದೈತ್ರಿ. ಆದ್ರ ಒಂದೂ ತಿಳಿದಿಲ್ರಿ” ಎಂದಳು.

ಮಾಸ್ತರರ ಬೋರ್ಡು ಕಣ್ಣ ಮುಂದೆ ಬಂತು. ನಾನು ಟಪಾಲಿನವನ ಕೆಲಸ ಮಾಡಿದ್ದೆ.

ಆ ವರ್ಷ ದ್ವಿತೀಯ ಪಿಯುಸಿ ಪರೀಕ್ಷೆ ರದ್ದಾಯಿತು. ಹಿಂದಿನ ತರಗತಿಗಳ ಅಂಕಗಳನ್ನು ಹಿಡಿದು ಫಲಿತಾಂಶ ಕೊಟ್ಟರು. ಮೊದಲ ಸಲದ ವಿದ್ಯಾರ್ಥಿಗಳೆಲ್ಲ ಪಾಸಾದರು. ಅವರ ಜೊತೆ ನನ್ನ ಪಾಠಗಳೂ ಪಾಸಾದವು. ಯಾರೂ ಅವುಗಳನ್ನು ಪರೀಕ್ಷಿಸಲಿಲ್ಲ. ನನ್ನನ್ನು ಹೆಚ್ಚು ಚುಚ್ಚಿದ್ದು ಅದೇ.

ಮೊದಲು ನಾನು ವಿದ್ಯಾರ್ಥಿಯಾದೆ

ಆನ್‌ಲೈನ್ ಪಾಠ ಮಾಡುವುದನ್ನು ಕಲಿಯಬೇಕಾದರೆ ಮೊದಲು ಆನ್‌ಲೈನಿನಲ್ಲಿ ಕಲಿತು ನೋಡಬೇಕು ಎಂದುಕೊಂಡೆ. ‘ಸ್ವಯಂ’ ವೇದಿಕೆಯಲ್ಲಿ ಒಂದು ಕೋರ್ಸಿಗೆ ಹೆಸರು ಕೊಟ್ಟೆ. ಸ್ವಯಂ ಎನ್ನುವುದು ಕೇಂದ್ರ ಸರ್ಕಾರದ ಉಚಿತ ಕಲಿಕಾ ವೇದಿಕೆ. 2017ರ ಜುಲೈ 9ರಂದು ಶುರುವಾಯಿತು. ಪದವಿಯ ಕೋರ್ಸುಗಳಷ್ಟೇ ಅಲ್ಲ, ನಿಮ್ಮ ಹಂತದ, ಅಂದರೆ 11 ಮತ್ತು 12ನೇ ತರಗತಿಯ ಕೋರ್ಸುಗಳೂ ಅಲ್ಲಿವೆ. ಅವುಗಳನ್ನು ಎನ್‌ಸಿಇಆರ್‌ಟಿ ಮತ್ತು ಎನ್‌ಐಒಎಸ್ ಸಿದ್ಧಪಡಿಸುತ್ತವೆ. ಎಂಜಿನಿಯರಿಂಗಿಗೆ ಹೋಗಬೇಕೆನ್ನುವವರು ‘ಎನ್‌ಪಿಟೆಲ್’ ಹೆಸರು ಕೇಳಿರುತ್ತೀರಿ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಆರಂಭಿಸಿದ ಯೋಜನೆ ಅದು. ಅದರ ಕೋರ್ಸುಗಳೂ ಈಗ ಸ್ವಯಂನಲ್ಲೇ ಸಿಗುತ್ತವೆ.

ಸ್ವಯಂ ಕೋರ್ಸಿಗೆ ನಾಲ್ಕು ಭಾಗಗಳಿರಬೇಕು ಎಂಬುದು ಅಲ್ಲಿನ ನಿಯಮ. ಒಂದು, ವಿಡಿಯೊ ಪಾಠ. ಎರಡು, ಓದಲು ಬರಹ. ಮೂರು, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಪ್ರಶ್ನೆಗಳು. ನಾಲ್ಕು, ಸಂಶಯ ಕೇಳುವ, ಚರ್ಚೆ ಮಾಡುವ ಜಾಗ. ಮಂಚಕ್ಕೆ ನಾಲ್ಕು ಕಾಲು ಇದ್ದಂತೆ. ನಾನು 2020ರಲ್ಲಿ ನನ್ನ ವಿದ್ಯಾರ್ಥಿಗಳಿಗೆ ಕೊಟ್ಟಿದ್ದು ಒಂದೇ ಕಾಲಿನ ಮಂಚ.

ಇನ್ನೊಂದು ಪಾಠವನ್ನು ನನ್ನ ಸೋಮಾರಿತನವೇ ಕಲಿಸಿತು. ಮೊದಲ ವಾರದ ಪ್ರಶ್ನೆಗಳಿಗೆ ಹುರುಪಿನಿಂದ ಉತ್ತರಿಸಿದೆ. ಎರಡನೇ ವಾರ ‘ನಾಳೆ ನೋಡೋಣ’ ಎಂದೆ. ಮೂರನೇ ವಾರದ ಹೊತ್ತಿಗೆ ಕೊನೆಯ ದಿನಾಂಕ ದಾಟಿತ್ತು. ವಿಡಿಯೊ ಅಲ್ಲೇ ಇತ್ತು, ಬರಹ ಅಲ್ಲೇ ಇತ್ತು, ನಾನೇ ಅಲ್ಲಿರಲಿಲ್ಲ. “ಎಲ್ಲಾ ಕೊಟ್ಟರೂ ಹುಡುಗರು ಓದುವುದಿಲ್ಲ” ಎಂದು ಹಿಂದೆ ನಾನು ಆಡಿದ್ದ ಮಾತನ್ನು ಅಂದು ನುಂಗಿಕೊಂಡೆ. ನಲವತ್ತು ದಾಟಿದ, ಸಂಬಳ ಬರುವ, ಸ್ವಂತ ಫೋನ್ ಇರುವ ಮನುಷ್ಯನಿಗೇ ಹಿಂದಿನಿಂದ ಯಾರಾದರೂ ಕರೆಯಬೇಕಾಗುತ್ತದೆ.

ದೂರದ ಪಾಠ ನಮಗೆ ಹೊಸದಲ್ಲ

ದೂರದಿಂದ ಕಲಿಸುವುದು ಮೊಬೈಲಿನ ಜೊತೆ ಹುಟ್ಟಿದ್ದಲ್ಲ. ನಮ್ಮ ಧಾರವಾಡ ಆಕಾಶವಾಣಿ 1950ರಿಂದ ಹೊಲದ ಬದುವಿನ ಮೇಲೆ ಕೂತವರಿಗೂ ಕೇಳಿಸುತ್ತಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ‘ಸೈಟ್’ ಎಂಬ ದೊಡ್ಡ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಪಡೆದು, ನಮ್ಮ ಇಸ್ರೊ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ನೇರವಾಗಿ ಟಿ.ವಿ. ಕಾರ್ಯಕ್ರಮ ತಲುಪಿಸಿತು. ಕರ್ನಾಟಕದಲ್ಲಿ ಇದಕ್ಕೆ ಆಯ್ದದ್ದು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳನ್ನು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ಕನ್ನಡದಲ್ಲಿ ಇಪ್ಪತ್ತೆರಡೂವರೆ ನಿಮಿಷದ ಪಾಠ, ಸಂಜೆ ಊರವರಿಗೆ ಬೇಸಾಯ, ಆರೋಗ್ಯ ಮುಂತಾದ ಕಾರ್ಯಕ್ರಮ.

ಈ ಪ್ರಯೋಗದಲ್ಲಿ ನನಗೆ ಹಿಡಿಸಿದ್ದು ಉಪಗ್ರಹಕ್ಕಿಂತ ಒಂದು ಸಣ್ಣ ಸಂಗತಿ. ಅದೇ ಅವಧಿಯಲ್ಲಿ ಸುಮಾರು 50,000 ಪ್ರಾಥಮಿಕ ಶಾಲಾ ಶಿಕ್ಷಕರಿಗೆ ವಿಜ್ಞಾನ ಕಲಿಸುವ ಬಗ್ಗೆ 12 ದಿನಗಳ ತರಬೇತಿ ನಡೆಯಿತು. ಅದನ್ನು ಬರೀ ಟಿ.ವಿ.ಗೆ ಬಿಡಲಿಲ್ಲ. ಟಿ.ವಿ. ಜೊತೆಗೆ ರೇಡಿಯೊ, ಅಚ್ಚಾದ ಕೈಪಿಡಿ, ಕೈಯಾರೆ ಮಾಡುವ ಪ್ರಯೋಗ, ಗುಂಪು ಚರ್ಚೆ, ಅಲ್ಲೇ ಕೂತು ನಡೆಸಿಕೊಡುವ ಮಾರ್ಗದರ್ಶಕ, ಇವೆಲ್ಲ ಇದ್ದವು. ಆಕಾಶದಿಂದ ಬಂದ ಪಾಠ ನೆಲದ ಮೇಲಿನ ಮನುಷ್ಯನ ಕೈಯಲ್ಲೇ ಪೂರ್ತಿಯಾಗಬೇಕಿತ್ತು.

ಹೊರದೇಶದ ಒಂದು ಉದಾಹರಣೆ ಹೇಳುತ್ತೇನೆ. ಆಸ್ಟ್ರೇಲಿಯಾದಲ್ಲಿ ಮನೆಯಿಂದ ಮನೆಗೆ ನೂರಾರು ಕಿಲೋಮೀಟರ್ ಅಂತರವಿರುವ ಒಣಭೂಮಿ ಇದೆ. ಅಲ್ಲಿನ ಮಕ್ಕಳಿಗಾಗಿ 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್ ಎಂಬ ಊರಿನಿಂದ ರೇಡಿಯೊ ಶಾಲೆ ಶುರುವಾಯಿತು. ಅದು ನಮ್ಮ ಮನೆಯ ರೇಡಿಯೊದಂತೆ ಕೇಳುವುದಕ್ಕಷ್ಟೇ ಅಲ್ಲ. ಮಗು ಗುಂಡಿ ಒತ್ತಿ ತಿರುಗಿ ಮಾತಾಡಬಹುದಿತ್ತು. ಮುಂದೆ ಇಂಥದೇ ಮರುಭೂಮಿಯ ಊರೊಂದರಲ್ಲಿ ರೇಡಿಯೊ ಮೂಲಕ ಕಲಿತ ಹುಡುಗ ಮಾರ್ಟಿನ್ ಡೌಗಿಯಾಮಾಸ್. ಅವರು ದೊಡ್ಡವರಾಗಿ 2002ರಲ್ಲಿ ‘ಮೂಡಲ್’ ಎಂಬ ತಂತ್ರಾಂಶ ಹೊರತಂದರು. ಇಂದು ಜಗತ್ತಿನ ಎಷ್ಟೋ ಕಾಲೇಜುಗಳ ಆನ್‌ಲೈನ್ ಕೋರ್ಸುಗಳು ಅದರ ಮೇಲೆ ನಡೆಯುತ್ತವೆ. ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಅದರಲ್ಲಿ ಚರ್ಚೆಯ ಜಾಗಕ್ಕೂ ಮರುಮಾತಿಗೂ ಅಷ್ಟು ಮಹತ್ವ ಇರುವುದು ನನಗೆ ಆಶ್ಚರ್ಯ ತರಲಿಲ್ಲ. ದೂರ ಕೂತು ಕಲಿಯುವವನಿಗೆ ಏನು ಬೇಕು ಎಂಬುದು ದೂರ ಕೂತು ಕಲಿತವನಿಗೆ ಗೊತ್ತಿರುತ್ತದೆ.

ನನ್ನ ನಲವತ್ತು ನಿಮಿಷದ ವಿಡಿಯೊದಲ್ಲಿ ತಿರುಗಿ ಮಾತಾಡುವ ಗುಂಡಿ ಇರಲಿಲ್ಲ.

ಒಂದು ಪಾಠವನ್ನು ಬಿಚ್ಚಿ ಕಟ್ಟಿದ್ದು

ಇನ್ನು ಕೋರ್ಸ್ ಕಟ್ಟುವ ಕ್ರಮಕ್ಕೆ ಬರೋಣ. ನವಲಗುಂದದ ಜಮಖಾನೆ ನೇಯುವ ಹೆಣ್ಣುಮಕ್ಕಳನ್ನು ನೀವು ನೋಡಿದ್ದೀರಿ. ನಿಮ್ಮಲ್ಲಿ ಕೆಲವರ ಮನೆಯಲ್ಲೇ ಆ ಮಗ್ಗ ನಿಂತಿದೆ. ಮೊದಲು ಹಾಸಿನ ನೂಲು ಬಿಗಿಯಬೇಕು. ನವಿಲು ಎಲ್ಲಿ, ಪಗಡೆಯ ಮನೆ ಎಲ್ಲಿ ಎಂಬುದು ಕೈಗಿಂತ ಮೊದಲು ತಲೆಯಲ್ಲಿರಬೇಕು. ಆಮೇಲೆ ಬಣ್ಣದ ನೂಲು. ಪಾಠಕ್ಕೂ ಅದೇ ಕ್ರಮ. ನಾನು ಹಾಸು ಬಿಗಿಯದೆ ಬಣ್ಣದ ನೂಲು ಹಿಡಿದು ಕೂತಿದ್ದೆ. ಕ್ಯಾಮೆರಾ ಯಾವುದು, ಆ್ಯಪ್ ಯಾವುದು ಎಂಬುದೇ ನನ್ನ ಮೊದಲ ಚಿಂತೆಯಾಗಿತ್ತು.

‘ಉತ್ಪಾದನೆ ಮತ್ತು ವೆಚ್ಚಗಳು’ ಅಧ್ಯಾಯವನ್ನು ಬಿಚ್ಚಿ ಮತ್ತೆ ಕಟ್ಟಿದೆ. ಹೇಗೆಂದು ಹಂತಹಂತವಾಗಿ ಹೇಳುತ್ತೇನೆ.

ಮೊದಲ ಹಂತ, ಕೊನೆಯಿಂದ ಶುರು ಮಾಡುವುದು. “ಈ ಪಾಠದಲ್ಲಿ ನಾನು ಏನು ಹೇಳಬೇಕು?” ಎಂದು ಕೇಳಿಕೊಳ್ಳುವುದನ್ನು ಬಿಟ್ಟು, “ಪಾಠ ಮುಗಿದ ಮೇಲೆ ವಿದ್ಯಾರ್ಥಿ ಏನು ಮಾಡಬಲ್ಲವಳಾಗಬೇಕು?” ಎಂದು ಕೇಳಿಕೊಂಡೆ. ಉತ್ತರ ಒಂದು ಸಾಲಿನಲ್ಲಿ ಬಂತು: ಯಾವುದೇ ದಂಧೆಯ ಖರ್ಚನ್ನು ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂದು ಬೇರ್ಪಡಿಸಿ, ಒಂದು ನಗಕ್ಕೆ ಎಷ್ಟು ಬಿತ್ತು ಎಂದು ಲೆಕ್ಕ ಹಾಕಬೇಕು. ಅಷ್ಟೇ. ಈ ಸಾಲು ಬರೆದ ಮೇಲೆ ನನ್ನ ಹಳೆಯ ವಿಡಿಯೊ ನೋಡಿದರೆ, ಅರ್ಧದಷ್ಟು ಮಾತು ಈ ಕೆಲಸಕ್ಕೆ ಬೇಕೇ ಇರಲಿಲ್ಲ.

ಎರಡನೇ ಹಂತ, ಸಣ್ಣ ತುಂಡು ಮಾಡುವುದು. 2014ರಲ್ಲಿ ಫಿಲಿಪ್ ಗುವೋ ಮತ್ತು ಸಂಗಡಿಗರು ‘ಎಡೆಕ್ಸ್’ ಎಂಬ ವೇದಿಕೆಯಲ್ಲಿ ವಿದ್ಯಾರ್ಥಿಗಳು 69 ಲಕ್ಷ ಸಲ ವಿಡಿಯೊ ನೋಡಿದ್ದನ್ನು ಪರಿಶೀಲಿಸಿದರು. ವಿಡಿಯೊ ಎಷ್ಟೇ ಉದ್ದವಿರಲಿ, ಸಾಮಾನ್ಯವಾಗಿ ಜನ ನೋಡುತ್ತಿದ್ದದ್ದು ಹೆಚ್ಚೆಂದರೆ ಆರು ನಿಮಿಷ. ಅವರು ಅಲ್ಲಿಯೇ ಬಿಡುತ್ತಿದ್ದರು. ನನ್ನ ನಲವತ್ತು ನಿಮಿಷವನ್ನು ಆರು ತುಂಡು ಮಾಡಿದೆ. ಒಂದೊಂದರಲ್ಲಿ ಒಂದೇ ವಿಷಯ. ‘ಸ್ಥಿರ ವೆಚ್ಚ ಎಂದರೇನು’ ಎಂಬುದು ನಾಲ್ಕು ನಿಮಿಷ.

ಮೂರನೇ ಹಂತ, ಪಕ್ಕದ ಮನೆಯ ಉದಾಹರಣೆ ಕೊಡುವುದು. ಲೆಕ್ಕಕ್ಕೆಂದು ಒಂದು ಅಂಕಿ ಹಿಡಿಯೋಣ. ಮಗ್ಗದ ಬಾಡಿಗೆ ತಿಂಗಳಿಗೆ 600 ರೂಪಾಯಿ. ಒಂದು ಜಮಖಾನೆಗೆ ನೂಲು, ಬಣ್ಣ ಸೇರಿ 400 ರೂಪಾಯಿ. ಬಾಡಿಗೆ ಸ್ಥಿರ ವೆಚ್ಚ. ನೂಲು, ಬಣ್ಣ ಬದಲಾಗುವ ವೆಚ್ಚ. ಒಂದು ನೇಯ್ದರೆ ಒಟ್ಟು 1,000. ಎರಡು ನೇಯ್ದರೆ 1,400, ಅಂದರೆ ಒಂದಕ್ಕೆ 700. ಮೂರು ನೇಯ್ದರೆ 1,800, ಒಂದಕ್ಕೆ 600. ನೂಲಿನ ದರ ಇಳಿಯಲಿಲ್ಲ, ಆದರೂ ಒಂದರ ವೆಚ್ಚ ಇಳಿಯಿತು. ಯಾಕೆಂದರೆ 600ರ ಬಾಡಿಗೆ ಮೊದಲು ಒಂದರ ತಲೆಯ ಮೇಲಿತ್ತು, ಆಮೇಲೆ ಎರಡಕ್ಕೆ 300ರಂತೆ, ಮೂರಕ್ಕೆ 200ರಂತೆ ಹಂಚಿಹೋಯಿತು. ಸರಾಸರಿ ಸ್ಥಿರ ವೆಚ್ಚ ಇಳಿಯುತ್ತ ಹೋಗುತ್ತದೆ ಎಂದು ಪುಸ್ತಕ ಹೇಳುವುದು ಇದನ್ನೇ.

ನಾಲ್ಕನೇ ಹಂತ, ಕೂಡಲೇ ಕೆಲಸ ಕೊಡುವುದು. ನಾಲ್ಕು ನಿಮಿಷದ ತುಂಡು ಮುಗಿದ ಕೂಡಲೇ ಗೂಗಲ್ ಫಾರ್ಮಿನಲ್ಲಿ ಎರಡೇ ಪ್ರಶ್ನೆ. ಮೊದಲನೆಯದು: “ಈ ತಿಂಗಳು ಜ್ವರ ಬಂದು ಒಂದೂ ಜಮಖಾನೆ ನೇಯಲಿಲ್ಲ. ಒಟ್ಟು ವೆಚ್ಚ ಎಷ್ಟು?” ಕೊಟ್ಟ ಉತ್ತರಗಳು: 0, 400, 600, 1,000. ಸರಿ ಉತ್ತರ 600. ಆದರೆ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ತಪ್ಪು ಉತ್ತರಗಳು. 0 ಎಂದವರು ಕೆಲಸ ಇಲ್ಲದಿದ್ದರೆ ಖರ್ಚೂ ಇಲ್ಲ ಎಂದುಕೊಂಡಿದ್ದಾರೆ. 400 ಎಂದವರಿಗೆ ಸ್ಥಿರ ಯಾವುದು, ಬದಲಾಗುವುದು ಯಾವುದು ಎಂಬುದು ಅದಲುಬದಲಾಗಿದೆ. 1,000 ಎಂದವರು ಪ್ರಶ್ನೆಯನ್ನೇ ಸರಿಯಾಗಿ ಓದಿಲ್ಲ. ಮೂರು ತಪ್ಪಿಗೆ ಮೂರು ಔಷಧ. ಎಲ್ಲರಿಗೂ ಅದೇ ವಿಡಿಯೊ ಇನ್ನೊಮ್ಮೆ ನೋಡಿ ಎಂದರೆ, ಕೆಮ್ಮಿಗೂ ಕಾಲುನೋವಿಗೂ ಒಂದೇ ಗುಳಿಗೆ ಕೊಟ್ಟಂತೆ.

ಪ್ರಶ್ನೆ ಕೇಳುವುದು ಅಂಕ ಕೊಡುವುದಕ್ಕಷ್ಟೇ ಅಲ್ಲ, ಅದೇ ಒಂದು ಕಲಿಕೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಒಂದು ಬರಹವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಮ್ಮೆ ಓದಿ, ಆಮೇಲೆ ಪುಸ್ತಕ ನೋಡದೆ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ಮೇಲೆ ಕೇಳಿದಾಗ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ಮೇಲೆ ಕೇಳಿದಾಗ ನೆನಪಿನಿಂದ ಬರೆದವರು ಮುಂದೆ ಬಂದರು. ಪರೀಕ್ಷೆಯ ಹಿಂದಿನ ರಾತ್ರಿ ಗೈಡನ್ನು ಮೂರು ಸಲ ಓದಿ “ಎಲ್ಲಾ ಬರತೈತಿ” ಎನ್ನುವವರು ಇದನ್ನು ಗಮನಿಸಬೇಕು.

ಐದನೇ ಹಂತ, ತಿರುಗಿ ಮಾತಾಡುವುದು. 0 ಎಂದು ಉತ್ತರಿಸಿದವರಿಗೆ ಒಂದು ನಿಮಿಷದ ವಾಯ್ಸ್ ನೋಟ್ ಕಳಿಸಿದೆ: “ನಿನಗ ಜ್ವರ ಬಂತು ಅಂತ ಮಗ್ಗದ ಮಾಲೀಕ ಬಾಡಿಗಿ ಬಿಡ್ತಾನೇನವ್ವಾ?” ಹತ್ತು ನಿಮಿಷದಲ್ಲಿ ನಗುವ ಮುಖಗಳು ಬಂದವು, ಅವುಗಳ ಹಿಂದೆ ಸರಿ ಉತ್ತರಗಳೂ ಬಂದವು. ಮೂರು ದಿನವಾದರೂ ಯಾವ ಉತ್ತರವೂ ಬಾರದಿದ್ದರೆ ನಾನೇ ಫೋನ್ ಮಾಡುತ್ತೇನೆ. ಮೆಸೇಜ್ ಅಲ್ಲ, ಫೋನ್. ಆ ಗ್ಯಾರೇಜಿನ ಹುಡುಗನ ನಂತರ ನಾನು ಹಾಕಿಕೊಂಡ ನಿಯಮ ಇದು. ಈಗ ನೀಲಿ ಗೆರೆಗೆ ಹಾಜರಿ ಇಲ್ಲ. ಸರಿಯೋ ತಪ್ಪೋ, ಉತ್ತರ ಕೊಟ್ಟವರಿಗೆ ಹಾಜರಿ.

ಈ ಐದು ಹಂತಗಳಲ್ಲಿ ಹೊಸದೇನೂ ಇಲ್ಲ ಎಂದು ನಿಮಗೆ ಅನಿಸಬಹುದು. ನಿಜ, ಇಲ್ಲ. ಸವಾಯಿ ಗಂಧರ್ವರು ನಮ್ಮ ಕುಂದಗೋಳದವರು. ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಕುಂದಗೋಳಕ್ಕೆ ಹೋಗಿ ಅವರಲ್ಲಿ ಕಲಿತರು. ಗುರುವಿನ ಮುಂದೆ ಕೂತು ಕಲಿಯುವ ಸಂಗೀತದಲ್ಲಿ ಒಂದು ತುಣುಕು ಕೇಳಬೇಕು, ಹಾಡಿ ತೋರಿಸಬೇಕು, ತಿದ್ದಿಸಿಕೊಳ್ಳಬೇಕು, ಮತ್ತೆ ಹಾಡಬೇಕು. ಗುರು ನಲವತ್ತು ನಿಮಿಷ ಹಾಡಿ ಎದ್ದುಹೋದರೆ ಅದು ಕಚೇರಿ, ಪಾಠವಲ್ಲ.

ಫೋನು, ಡೇಟಾ, ಭಾಷೆ

ಸಲಕರಣೆಯ ಬಗ್ಗೆ ನಾಲ್ಕು ಮಾತು. ನಿಮ್ಮಲ್ಲಿ ಬಿ.ಎಡ್., ಡಿ.ಇಎಲ್.ಇಡಿ. ಮಾಡಿ ಮೇಷ್ಟ್ರು, ಟೀಚರ್ ಆಗಬೇಕೆನ್ನುವವರು ಇದ್ದೀರಿ. ಅವರಿಗೆ ಇದು ಬೇಕಾಗುತ್ತದೆ.

ಅತಿ ಕೆಟ್ಟ ಫೋನನ್ನು ಕಣ್ಣ ಮುಂದೆ ಇಟ್ಟುಕೊಂಡು ಪಾಠ ಮಾಡಿ. ನಾನೀಗ ಪ್ರತಿ ತುಂಡನ್ನೂ ಮೂರು ರೂಪದಲ್ಲಿ ಕೊಡುತ್ತೇನೆ: ವಿಡಿಯೊ, ಧ್ವನಿ, ಒಂದು ಪುಟದ ಬರಹ. ನಾಲ್ಕು ನಿಮಿಷದ ವಾಯ್ಸ್ ನೋಟಿಗೆ ಒಂದೆರಡು ಎಂಬಿ ಡೇಟಾ ಸಾಕು. ವಿಡಿಯೊಗೆ ಅದರ ಹತ್ತಾರು ಪಟ್ಟು ಬೇಕು. ಕಲಘಟಗಿಯ ಗುಡ್ಡದ ಮಗ್ಗುಲಲ್ಲಿ ಒಂದೇ ಕಡ್ಡಿ ನೆಟ್‌ವರ್ಕ್ ಇದ್ದಾಗಲೂ ಧ್ವನಿ ತಲುಪುತ್ತದೆ. ಫೋನೇ ಇಲ್ಲದವರಿಗೆ ಬರಹದ ಝೆರಾಕ್ಸ್ ಪ್ರತಿ. ಅದನ್ನು ಅದೇ ಊರಿನ ಗೆಳೆಯ ಬಸ್ಸಿನಲ್ಲಿ ಒಯ್ಯುತ್ತಾನೆ, ಉತ್ತರವನ್ನೂ ಅವನೇ ತರುತ್ತಾನೆ. ಇದು ತಂತ್ರಜ್ಞಾನವೇ ಅಲ್ಲ ಎನ್ನಬೇಡಿ. ಕೆಲಸ ಆದರೆ ಸಾಕು.

ಬರಹವನ್ನು ಯೂನಿಕೋಡಿನಲ್ಲಿ ಟೈಪ್ ಮಾಡಿ. ನಾನು ಮೊದಲು ಕಂಪ್ಯೂಟರಿನ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಕಳಿಸಿದ್ದ ನೋಟ್ಸು ನಿಮ್ಮ ಸೀನಿಯರುಗಳ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಂಡಿತ್ತು. ಅವರು ಅದನ್ನು ನನಗೆ ಹೇಳಲೂ ಇಲ್ಲ! ಯೂನಿಕೋಡ್ ಎಂದರೆ ಜಗತ್ತಿನ ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಒಂದೊಂದು ಖಾಯಂ ಸಂಖ್ಯೆ ಕೊಟ್ಟಿರುವ ವ್ಯವಸ್ಥೆ. ಯಾವ ಫೋನಿನಲ್ಲಿ ತೆರೆದರೂ ‘ಳ’ ಳ ಆಗಿಯೇ ಇರುತ್ತದೆ. ನನ್ನಂಥವನಿಗೆ ಇದರ ಬೆಲೆ ಗೊತ್ತು.

ಮೂರನೆಯದು ಭಾಷೆ. ನಮ್ಮ ಕಾಲೇಜಿಗೆ ಎಸ್ಸೆಸ್ಸೆಲ್ಸಿಯನ್ನು ಉರ್ದು ಮಾಧ್ಯಮದಲ್ಲಿ ಓದಿದವರು ಬರುತ್ತಾರೆ, ಕನ್ನಡ ಮಾಧ್ಯಮದವರು ಬರುತ್ತಾರೆ, ಇಂಗ್ಲಿಷ್ ಮಾಧ್ಯಮದವರೂ ಬರುತ್ತಾರೆ. ತರಗತಿಯಲ್ಲಿ ಎಲ್ಲರಿಗೂ ಒಂದೇ ಮಾತಿನಲ್ಲಿ ಹೇಳಿ ಮುಗಿಸಬೇಕಾಗುತ್ತದೆ. ಆನ್‌ಲೈನ್ ಪಾಠದ ನಿಜವಾದ ಲಾಭ ನನಗೆ ಕಂಡದ್ದು ಇಲ್ಲಿಯೇ. ಪ್ರತಿ ಅಧ್ಯಾಯಕ್ಕೂ ಇಪ್ಪತ್ತು ಶಬ್ದಗಳ ಪಟ್ಟಿ ಮಾಡಿದೆವು: ವೆಚ್ಚ, ಲಾಗತ್, ಕಾಸ್ಟ್. ಮೂರು ಭಾಷೆ, ಮೂರು ಧ್ವನಿ. ಉರ್ದು ಭಾಗವನ್ನು ಒಬ್ಬ ವಿದ್ಯಾರ್ಥಿನಿ, ಇಂಗ್ಲಿಷ್ ಭಾಗವನ್ನು ಇನ್ನೊಬ್ಬಳು ಓದಿ ರೆಕಾರ್ಡ್ ಮಾಡಿದರು. ಉರ್ದು ಶಾಲೆಯಿಂದ ಬಂದು ಮೂರು ತಿಂಗಳು ಕೊನೆಯ ಬೆಂಚಿನಲ್ಲಿ ಸುಮ್ಮನೆ ಕೂರುತ್ತಿದ್ದ ಹುಡುಗನೊಬ್ಬ ಆ ಪಟ್ಟಿ ಕೇಳಿದ ಮರುದಿನ ಕೈ ಎತ್ತಿದ. ಅವನಿಗೆ ಅರ್ಥಶಾಸ್ತ್ರ ಬರುತ್ತಿರಲಿಲ್ಲ ಎಂದಲ್ಲ, ‘ವೆಚ್ಚ’ ಎಂಬ ಶಬ್ದ ಗೊತ್ತಿರಲಿಲ್ಲ.

ಆಗದೆ ಉಳಿದದ್ದು

ಇದೆಲ್ಲ ಮಾಡಿದ ಮೇಲೆ ಎಲ್ಲವೂ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾಲ್ಕು ನಿಮಿಷದ ಒಂದು ತುಂಡು ಕಟ್ಟಲು ನನಗೆ ಮೂರು ತಾಸು ಬೇಕಾಗುತ್ತದೆ. ವರ್ಷಕ್ಕೆ ಎರಡು ಅಧ್ಯಾಯ ಮಾತ್ರ ಪೂರ್ತಿ ಮಾಡಲು ಸಾಧ್ಯವಾಗಿದೆ. ಹತ್ತಿ ಬಿಡಿಸುವ, ಕಡಲೆ ಕೀಳುವ ದಿನಗಳಲ್ಲಿ ಅಣ್ಣಿಗೇರಿ, ನವಲಗುಂದ ಕಡೆಯ ಅರ್ಧ ವಿದ್ಯಾರ್ಥಿಗಳು ಹೊಲದಲ್ಲಿರುತ್ತಾರೆ. ಆಗ ಯಾವ ಆ್ಯಪೂ ಉಪಯೋಗಕ್ಕೆ ಬರುವುದಿಲ್ಲ. ಕೆಲವು ಹೆಣ್ಣುಮಕ್ಕಳ ಮನೆಯಲ್ಲಿ ಫೋನ್ ಕೈಗೆ ಕೊಡುವುದಿಲ್ಲ. ಅಲ್ಲಿಗೆ ನಾನು ವಿಡಿಯೊ ಕಳಿಸುವುದಿಲ್ಲ. ಅವರ ಅಮ್ಮನ ಜೊತೆ ಮಾತಾಡಿ, ವಾಯ್ಸ್ ನೋಟನ್ನು ಅಮ್ಮನೂ ಕೂತು ಕೇಳಲಿ ಎನ್ನುತ್ತೇನೆ. ಒಬ್ಬ ತಾಯಿ ಜಮಖಾನೆಯ ಲೆಕ್ಕ ಕೇಳಿ, “ಬಾಡಿಗಿ ಅಷ್ಟೇ ಹಿಡಿದೀರಿ, ನಮ್ಮ ಕೂಲಿ ಎಲ್ಲೈತ್ರಿ ಸರ?” ಎಂದು ಕೇಳಿಸಿದರು. ನನ್ನ ಲೆಕ್ಕದಲ್ಲಿ ನೇಯುವವಳ ದುಡಿಮೆಯೇ ಇರಲಿಲ್ಲ! ಮುಂದಿನ ತುಂಡು ಆ ಪ್ರಶ್ನೆಯಿಂದಲೇ ಶುರುವಾಗುತ್ತದೆ.

ಗ್ಯಾರೇಜಿನ ಹುಡುಗ ತಿರುಗಿ ಕಾಲೇಜಿಗೆ ಬರಲಿಲ್ಲ. ಹುಬ್ಬಳ್ಳಿಗೆ ಹೋದಾಗ ಒಮ್ಮೆ ಸಿಕ್ಕಿದ್ದ, ಕೈ ತುಂಬ ಗ್ರೀಸು. “ಆರಾಮದೀನ್ರಿ ಸರ” ಎಂದ. ಆಗಸ್ಟಿನಲ್ಲೇ ನಾನು ಒಂದು ಫೋನ್ ಮಾಡಿದ್ದರೆ ಅವನು ಉಳಿಯುತ್ತಿದ್ದನೋ ಇಲ್ಲವೋ ಹೇಳಲಾರೆ. ನಾನು ಮಾಡಲಿಲ್ಲ ಎಂಬುದು ಮಾತ್ರ ನಿಜ.

ಕೊನೆಗೆ ನಿಮ್ಮಿಂದ ಎರಡು ಕೆಲಸ ಆಗಬೇಕು. ಒಂದು, ನಾವು ಕಳಿಸಿದ್ದು ತಿಳಿಯದಿದ್ದರೆ ‘ಓಕೆ ಸರ್’ ಎಂದು ಹೆಬ್ಬೆರಳು ತೋರಿಸಬೇಡಿ. ‘ತಿಳಿದಿಲ್ರಿ’ ಎಂದು ಬರೆಯಿರಿ. ಕಲಘಟಗಿಯ ಆ ಹುಡುಗಿ ಅಷ್ಟು ಹೇಳದಿದ್ದರೆ ನಾನು ಇಂದಿಗೂ ಡಬ್ಬಿಯ ಮೇಲೆ ಫೋನಿಟ್ಟು ನಲವತ್ತು ನಿಮಿಷ ಮಾತಾಡುತ್ತಿದ್ದೆ. ಎರಡು, ಈ ವರ್ಷ ‘ಮಾರುಕಟ್ಟೆ ಸಮತೋಲನ’ ಅಧ್ಯಾಯ ಕಟ್ಟಬೇಕೆಂದಿದ್ದೇನೆ. ನಿಮ್ಮ ಊರಿನ ಸಂತೆಯಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹೆಸರು, ಯಾವುದರದಾದರೂ ನಾಲ್ಕು ವಾರದ ದರವನ್ನು ಪ್ರತಿ ವಾರ ಬರೆದಿಟ್ಟು ತಂದುಕೊಡಿ. ದರ ಯಾಕೆ ಏರಿತು, ಯಾಕೆ ಇಳಿಯಿತು ಎಂದು ಮಾರುವವರನ್ನು ಕೇಳಿ, ಅವರ ಮಾತಿನಲ್ಲೇ ಬರೆಯಿರಿ. ಬಿಳಿ ಹಾಳೆಯಾದರೂ ಸರಿ, ವಾಯ್ಸ್ ನೋಟಾದರೂ ಸರಿ. ಸ್ಟಾಫ್ ರೂಮಿನ ಬಾಗಿಲ ಪಕ್ಕದಲ್ಲಿ ಒಂದು ಡಬ್ಬಿ ಇಟ್ಟಿದ್ದೇನೆ. ಫೋನ್ ನಿಲ್ಲಿಸಲು ಬಳಸುತ್ತಿದ್ದ ಆ ಎರಡು ಸ್ಟೀಲ್ ಡಬ್ಬಿಗಳಲ್ಲಿ ಒಂದು ಅದು.